ಟೇಪ್ ಡೆಕ್ಕಿನ ಹಸಿರು ಅಂಕಿ ಮಂಕಾಗಿದೆ, 'ಗ್ಯಾಸ್' ತುಂಬಿಸಬಹುದಾ?

ಪ್ರಶ್ನೆ: ನಮ್ಮ ಮನೆ ಕುಮಟಾ ಹತ್ತಿರ, ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಅಪ್ಪಯ್ಯ 1996ರಲ್ಲಿ ಮುಂಬೈಯಿಂದ ತಂದ ಮ್ಯೂಸಿಕ್ ಸಿಸ್ಟಮ್ ಒಂದಿದೆ. ಎರಡು ಕ್ಯಾಸೆಟ್, ರೇಡಿಯೋ, ಮುಂದುಗಡೆ ಹಸಿರು-ನೀಲಿ ಬಣ್ಣದಲ್ಲಿ ಹೊಳೆಯುವ ಅಂಕಿ. ತಾಳಮದ್ದಲೆ ಕ್ಯಾಸೆಟ್ ಹಾಕಿಕೊಂಡು ಅವರು ಜಗಲಿಯಲ್ಲಿ ಕೂರುತ್ತಿದ್ದರು. ಈಗ ಅಪ್ಪಯ್ಯ ಇಲ್ಲ, ಸೆಟ್ ಇದೆ. ಹಾಡು ಚೆನ್ನಾಗಿಯೇ ಬರುತ್ತದೆ, ಅಂಕಿ ಮಾತ್ರ ವರ್ಷದಿಂದ ವರ್ಷಕ್ಕೆ ಮಂಕಾಗಿದೆ. 'ಟೇಪ್' ಅನ್ನುವ ಅಕ್ಷರ ಕಾಣುವುದೇ ಇಲ್ಲ, ಆದರೆ ಎಫ್‌ಎಂ ಹಾಕಿದರೆ 'ಎಫ್‌ಎಂ' ಅನ್ನುವುದು ಹೊಸದರ ಹಾಗೆ ಹೊಳೆಯುತ್ತದೆ. ಈ ಮಳೆಗಾಲದಲ್ಲಿ ಹೊಸ ತೊಂದರೆ ಶುರುವಾಗಿದೆ. ಬೇಡದ ಗೆರೆಗಳೂ ನಸುವಾಗಿ ಹೊತ್ತಿಕೊಂಡು ಎಲ್ಲ ಅಂಕಿಯೂ ಎಂಟರಂತೆ ಕಾಣುತ್ತದೆ. ಒಂದು ಗಂಟೆ ಹಾಕಿಟ್ಟರೆ ಸರಿಯಾಗುತ್ತದೆ. ಒಮ್ಮೊಮ್ಮೆ ಪೂರ್ತಿ ಕತ್ತಲಾಗುತ್ತದೆ, ಮೇಲೆ ತಟ್ಟಿದರೆ ಬರುತ್ತದೆ. ತಟ್ಟಿದಾಗ ಅಂಕಿಗಳು ನಡುಗುತ್ತವೆ, ಒಳಗೆ ಏನೋ ಸಡಿಲಾಗಿದೆ ಅಂತ ಭಯ. ಒಬ್ಬ ಮೆಕ್ಯಾನಿಕ್ 'ಟ್ಯೂಬಿನ ಗ್ಯಾಸ್ ಹೋಗಿದೆ' ಎಂದರು. ಇನ್ನೊಬ್ಬರು ಸೆಟ್ಟೇ ಎಸೆಯಿರಿ ಎಂದರು. ಅಳಿಯ, ಅದರಿಂದ ರೇಡಿಯೇಶನ್ ಬರುತ್ತದೆ, ಮಗು ಮಲಗುವ ಕೋಣೆಯಲ್ಲಿ ಇಡಬೇಡಿ ಅನ್ನುತ್ತಾನೆ. ಗ್ಯಾಸ್ ತುಂಬಿಸುವವರು ಯಾರಾದರೂ ಇದ್ದಾರಾ? ಸೆಟ್ಟನ್ನು ಯಾವಾಗಲೂ ಪ್ಲಗ್‌ನಲ್ಲೇ ಇಡಬೇಕಾ, ತೆಗೆದಿಡಬೇಕಾ?

ಉತ್ತರ: ನೀವು ಬಹಳ ಗಮನ ಇಟ್ಟು ನೋಡಿದ್ದೀರಿ. ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು 'ಡಿಸ್ಪ್ಲೇ ಹೋಗಿದೆ' ಅಂತ ಒಂದೇ ಮಾತು ಹೇಳಿ ಸೆಟ್ ಇಟ್ಟು ಹೋಗುತ್ತಾರೆ. ನೀವು ಬರೆದದ್ದನ್ನು ಓದಿದರೆ ಇದು ಒಂದು ತೊಂದರೆ ಅಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ. ಎರಡು ಸುಲಭದಲ್ಲಿ ಸರಿಯಾಗುವಂಥದ್ದು. ಒಂದು ಆಗುವಂಥದ್ದಲ್ಲ.

ಮೊದಲು ಗ್ಯಾಸಿನ ವಿಷಯ ಮುಗಿಸಿಬಿಡೋಣ. ಆ ಟ್ಯೂಬಿನಲ್ಲಿ ಗ್ಯಾಸ್ ಇಲ್ಲ. ಯಾವತ್ತೂ ಇರಲಿಲ್ಲ. ಕಾರ್ಖಾನೆಯಲ್ಲಿ ಅದರೊಳಗಿನ ಗಾಳಿಯನ್ನು ಪೂರ್ತಿ ಎಳೆದು ತೆಗೆದು ಗಾಜನ್ನು ಮುಚ್ಚಿರುತ್ತಾರೆ. ಹೆಸರೇ ವ್ಯಾಕ್ಯೂಮ್ ಫ್ಲೋರೆಸೆಂಟ್ ಡಿಸ್ಪ್ಲೇ, ನಾವು ವಿಎಫ್‌ಡಿ ಅನ್ನುತ್ತೇವೆ. ಇಲ್ಲದ್ದು ಸೋರುವುದು ಹೇಗೆ? ಇಲ್ಲಿ ರೋಗ ಬರುವುದು ಏನಾದರೂ ಹೊರಗೆ ಹೋದರೆ ಅಲ್ಲ, ಗಾಳಿ ಒಳಗೆ ಬಂದರೆ. ಹಾಗಂತ ಆ ಮೆಕ್ಯಾನಿಕ್ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಟ್ಯೂಬ್‌ಲೈಟಿನಲ್ಲಿ ಗ್ಯಾಸ್ ಇದೆ. ತುಂಬಾ ಹಳೆಯ ಲ್ಯಾಬ್ ಮೀಟರುಗಳಲ್ಲಿ ಕಿತ್ತಳೆ ಬಣ್ಣದ ಅಂಕಿ ತೋರಿಸುತ್ತಿದ್ದ ನಿಕ್ಸಿ ಟ್ಯೂಬಿನಲ್ಲಿ ನಿಯಾನ್ ಗ್ಯಾಸ್ ಇದೆ. ಫ್ರಿಜ್, ಎಸಿ ರಿಪೇರಿಯಲ್ಲಂತೂ ದಿನಾ ಇದೇ ಮಾತು. ಹೊಳೆಯುವ ಗಾಜಿನ ಟ್ಯೂಬ್ ಎಂದರೆ ಗ್ಯಾಸ್ ಅಂತ ಬಾಯಿಗೆ ಬಂದುಬಿಡುತ್ತದೆ. ಆದರೆ 'ತುಂಬಿಸಿ ಕೊಡ್ತೇನೆ' ಅಂತ ಯಾರಾದರೂ ದುಡ್ಡು ಕೇಳಿದರೆ ಮಾತ್ರ ಸೆಟ್ ಎತ್ತಿಕೊಂಡು ಮನೆಗೆ ಬನ್ನಿ.

ರೇಡಿಯೇಶನ್ ಮಾತಿಗೂ ಒಂದು ಮೂಲ ಇದೆ. ಹಳೇ ಟಿವಿಯ ಪಿಕ್ಚರ್ ಟ್ಯೂಬ್ ಮತ್ತು ನಿಮ್ಮ ಡಿಸ್ಪ್ಲೇ ಒಂದೇ ಜಾತಿ. ಎರಡರಲ್ಲೂ ಎಲೆಕ್ಟ್ರಾನುಗಳು ಬಂದು ಒಂದು ಪುಡಿಗೆ ಬಡಿಯುತ್ತವೆ, ಪುಡಿ ಬೆಳಗುತ್ತದೆ. ಕಲರ್ ಟಿವಿಯಲ್ಲಿ ಅವು 20,000 ವೋಲ್ಟ್‌ಗಿಂತ ಜಾಸ್ತಿ ಸೆಳೆತದಲ್ಲಿ ನುಗ್ಗುತ್ತವೆ. ಅಷ್ಟು ವೇಗದಲ್ಲಿ ಬಡಿದರೆ ಸ್ವಲ್ಪ ಎಕ್ಸ್-ರೇ ಹುಟ್ಟುತ್ತದೆ, ಅದಕ್ಕೇ ಆ ಗಾಜಿನಲ್ಲಿ ಸೀಸ ಬೆರೆಸುತ್ತಿದ್ದರು. ನಿಮ್ಮ ಸೆಟ್ಟಿನಲ್ಲಿ ಇರುವುದು 30 ವೋಲ್ಟ್ ಆಸುಪಾಸು. ಮಗು ಅದೇ ಕೋಣೆಯಲ್ಲಿ ಮಲಗಲಿ, ಏನೂ ಆಗದು. ಬೆಳಕಿಗೆ ನಿದ್ದೆ ಬರದಿದ್ದರೆ ಅದು ಬೇರೆ ಮಾತು. ಇದರಲ್ಲಿ ಪಾದರಸವೂ ಇಲ್ಲ. ಒಡೆದರೆ ಮಾತ್ರ ಬರಿಗೈಯಲ್ಲಿ ಗುಡಿಸಬೇಡಿ. ಗಾಜಂತೂ ಸರಿ, ಹಳೆಯ ಟ್ಯೂಬುಗಳ ಕೆಂಪು-ಹಳದಿ ಭಾಗದ ಪುಡಿಯಲ್ಲಿ ಕ್ಯಾಡ್ಮಿಯಂ ಇರುವುದುಂಟು. ಒದ್ದೆ ಬಟ್ಟೆಯಲ್ಲಿ ಒರೆಸಿ ಕಟ್ಟಿ ಹಾಕಿ.

ಈಗ ಒಳಗೆ ಏನಿದೆ ನೋಡೋಣ. ನನ್ನ ಮೇಜಿನ ಡ್ರಾಯರಿನಲ್ಲಿ ಕೆಟ್ಟ ಟ್ಯೂಬ್ ಒಂದು ಯಾವಾಗಲೂ ಇರುತ್ತದೆ, ಗಿರಾಕಿಗಳಿಗೆ ತೋರಿಸಲು. ಚಪ್ಪಟೆ ಗಾಜಿನ ಡಬ್ಬಿ, ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಪಿನ್ನುಗಳು. ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲಕ್ಕಿಂತ ಮುಂದೆ ಎರಡೋ ಮೂರೋ ತಂತಿ ಉದ್ದಕ್ಕೆ ಎಳೆದಿರುವುದು ಕಾಣುತ್ತದೆ. ತಲೆಕೂದಲಿಗಿಂತ ಸಣ್ಣ. ಇದು ಫಿಲಮೆಂಟ್. ಅದರ ಹಿಂದೆ ಸೊಳ್ಳೆಪರದೆಗಿಂತ ನವಿರಾದ ಲೋಹದ ಬಲೆ, ಒಂದೊಂದು ಅಂಕಿಗೆ ಒಂದೊಂದು ತುಂಡು. ಅದು ಗ್ರಿಡ್. ಎಲ್ಲಕ್ಕಿಂತ ಹಿಂದೆ, ರಂಗೋಲಿ ಹಿಟ್ಟಿನಲ್ಲಿ ಬರೆದ ಹಾಗೆ ಬಿಳಿಯ ಗೆರೆಗಳು. ಎಂಟರ ಆಕಾರದ ಏಳು ತುಂಡು, 'ಟೇಪ್', 'ಎಫ್‌ಎಂ', ಪುಟ್ಟ ಬಾಣಗಳು, ಎಲ್ಲ ಅಲ್ಲೇ ಬರೆದಿರುತ್ತದೆ. ಆ ಗೆರೆಗಳೇ ಆನೋಡ್, ಮೇಲಿನ ಪುಡಿ ಫಾಸ್ಫರ್.

ಫಿಲಮೆಂಟ್ ಟಂಗ್‌ಸ್ಟನ್ ತಂತಿ. ಮೇಲೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪ. ಎರಡರಿಂದ ಐದು ವೋಲ್ಟ್ ಕೊಟ್ಟರೆ ಸುಮಾರು 650 ಡಿಗ್ರಿಗೆ ಬಿಸಿಯಾಗುತ್ತದೆ. ಹಳೇ ಬಲ್ಬಿನ ತಂತಿ 2,500 ಡಿಗ್ರಿ ದಾಟುತ್ತಿತ್ತು, ಅದರ ಮುಂದೆ ಇದು ಬರೀ ಕೆಂಡದ ಬೂದಿಯೊಳಗಿನ ಬಿಸಿ. ಅದಕ್ಕೇ ಅದು ಹೊತ್ತಿರುವುದು ನಮಗೆ ಕಾಣುವುದಿಲ್ಲ, ಅದಕ್ಕೇ ಬಲ್ಬಿನ ಹಾಗೆ ಪಟ್ಟನೆ ಸುಟ್ಟುಹೋಗುವುದೂ ಅಪರೂಪ. ಆ ಬಿಸಿಗೆ ಲೇಪದಿಂದ ಎಲೆಕ್ಟ್ರಾನುಗಳು ಎದ್ದು ಹೊರಬರುತ್ತವೆ. ಗಾಳಿ ಇಲ್ಲದ್ದರಿಂದ ಅವಕ್ಕೆ ದಾರಿಯಲ್ಲಿ ಅಡ್ಡ ಬರುವವರಿಲ್ಲ. ಗ್ರಿಡ್ ಎಂದರೆ ತೋಟದ ಬಾಯಿಗೆ ಅಡ್ಡ ಹಾಕುವ ದಣಪೆ ಇದ್ದ ಹಾಗೆ. ಅದಕ್ಕೆ ಪ್ಲಸ್ ಕೊಟ್ಟರೆ ದಣಪೆ ಸರಿಸಿದ ಹಾಗೆ, ಎಲೆಕ್ಟ್ರಾನ್ ಒಳಗೆ ನುಗ್ಗುತ್ತದೆ. ಮೈನಸ್ ಕೊಟ್ಟರೆ ಹಿಂದಕ್ಕೆ. ಒಳಗೆ ಬಂದವು ಯಾವ ಗೆರೆಗೆ ಪ್ಲಸ್ ಇದೆಯೋ ಅದಕ್ಕೆ ಹೋಗಿ ಬಡಿಯುತ್ತವೆ, ಆ ಗೆರೆ ಬೆಳಗುತ್ತದೆ.

ಇಲ್ಲಿ ಒಂದು ಜಾಣತನ ಇದೆ. ಸಾಮಾನ್ಯವಾಗಿ ಇಂಥ ಪುಡಿಗಳು ಕರೆಂಟ್ ಹರಿಯಲು ಬಿಡುವುದಿಲ್ಲ. ಕಡಿಮೆ ವೋಲ್ಟಿನಲ್ಲಿ ಎಲೆಕ್ಟ್ರಾನುಗಳು ಪುಡಿಯ ಮೇಲೇ ರಾಶಿ ಬಿದ್ದು ಹಿಂದಿನಿಂದ ಬರುವವನ್ನು ದೂಡಿಬಿಡುತ್ತವೆ. ವಿಎಫ್‌ಡಿಯಲ್ಲಿ ಬಳಸುವುದು ಸತು ಆಕ್ಸೈಡ್, ಅಂದರೆ ಜಿಂಕ್ ಆಕ್ಸೈಡ್. ಅದು ಕರೆಂಟನ್ನು ಹರಿಯಲು ಬಿಡುತ್ತದೆ. ಹಾಗಾಗಿ ಇಪ್ಪತ್ತು-ಮೂವತ್ತು ವೋಲ್ಟಿಗೇ ಅಷ್ಟು ಬೆಳಕು. ಆ ಹಸಿರು-ನೀಲಿ ಬಣ್ಣ ಸತುವಿನದ್ದೇ. ಇಂಥ ಅಂಕಿಯ ಟ್ಯೂಬನ್ನು 1967ರ ಹೊತ್ತಿಗೆ ಮಾಡಿದ್ದು ಜಪಾನಿನ ಇಸೆ ಎಲೆಕ್ಟ್ರಾನಿಕ್ಸ್. 1969ರಲ್ಲಿ ಬಂದ ಶಾರ್ಪ್ ಕ್ಯೂಟಿ-8ಡಿ ಕ್ಯಾಲ್ಕುಲೇಟರಿನಲ್ಲಿ ಇದ್ದದ್ದು ಅವೇ ಟ್ಯೂಬುಗಳು. ಆಮೇಲೆ ವಿಸಿಆರ್, ಟೇಪ್ ಡೆಕ್, ಮೈಕ್ರೋವೇವ್, ಅಂಗಡಿಯ ತಕ್ಕಡಿ, ಎಲ್ಲ ಕಡೆ ಬಂತು. ನಿಮ್ಮ ಅಪ್ಪಯ್ಯನಿಗೂ ಹಿಂದಿನವರ ಮನೆಯಲ್ಲಿ ವಾಲ್ವ್ ರೇಡಿಯೋ ಇದ್ದಿದ್ದರೆ, ಸ್ಟೇಷನ್ ಸರಿಯಾಗಿ ಸಿಕ್ಕಿದಾಗ ಕೂಡಿಕೊಳ್ಳುವ ಹಸಿರು 'ಕಣ್ಣು' ನೋಡಿರುತ್ತೀರಿ. ಅದು ಇದರ ದೊಡ್ಡಪ್ಪ. ಆದರೆ ಅಲ್ಲಿ 200-250 ವೋಲ್ಟ್ ಇರುತ್ತದೆ, ಕೈ ಹಾಕಬೇಡಿ.

ಇನ್ನೊಂದು ತಿಳಿದಿರಲಿ. ನಿಮ್ಮ ಕಣ್ಣಿಗೆ ಎಲ್ಲ ಅಂಕಿಗಳೂ ಒಟ್ಟಿಗೆ ಹೊತ್ತಿರುವಂತೆ ಕಂಡರೂ ಅವು ಒಟ್ಟಿಗೆ ಹೊತ್ತಿರುವುದಿಲ್ಲ. ಮೊದಲ ಅಂಕಿ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು, ಹೀಗೆ ಸೆಕೆಂಡಿಗೆ ನೂರಾರು ಸಲ ಸರದಿಯಲ್ಲಿ ಹೊತ್ತಿ ಆರುತ್ತವೆ. ಹಾಗೆ ಮಾಡಿದ್ದರಿಂದಲೇ ನೂರು ಗೆರೆಗೆ ನೂರು ತಂತಿ ಬೇಕಾಗಿಲ್ಲ. ಅಷ್ಟೂ ಅಂಕಿಗಳ ಮೇಲ್ತುದಿಯ ಗೆರೆಗೆ ಸೇರಿ ಒಂದೇ ತಂತಿ, ಒಂದು ಅಂಕಿಯ ಪೂರ್ತಿ ಬಲೆಗೆ ಒಂದು ತಂತಿ. ಹಾಗಾಗಿ ಒಂದು ಅಂಕಿ ಪೂರ್ತಿ ಇಲ್ಲವಾದರೆ ಗ್ರಿಡ್ ಕಡೆ ನೋಡಬೇಕು, ಎಲ್ಲ ಅಂಕಿಯಲ್ಲೂ ಅದೇ ಒಂದು ಗೆರೆ ಕಾಣದಿದ್ದರೆ ಆನೋಡ್ ಕಡೆ.

ಸರಿ, ನಿಮ್ಮ ಸೆಟ್ಟಿಗೆ ಬರೋಣ.

'ಟೇಪ್' ಮಂಕು, 'ಎಫ್‌ಎಂ' ಹೊಸದರ ಹಾಗೆ. ಇದು ಪುಡಿ ಸವೆದದ್ದು. ಅಪ್ಪಯ್ಯ ಟೇಪ್ ಹಾಕಿದಷ್ಟು ರೇಡಿಯೋ ಹಾಕಲಿಲ್ಲ ಅಂತ ಅದು ಹೇಳುತ್ತಿದೆ. ಟ್ಯೂಬೇ ದುರ್ಬಲ ಆಗಿದ್ದರೆ ಅಥವಾ ವೋಲ್ಟ್ ಕಮ್ಮಿ ಇದ್ದಿದ್ದರೆ ಎರಡೂ ಒಂದೇ ಸಮ ಮಂಕಾಗಬೇಕಿತ್ತು. ಯಾವ ಗೆರೆ ಜಾಸ್ತಿ ಹೊತ್ತು ಉರಿಯಿತೋ ಆ ಗೆರೆಯ ಪುಡಿ ಅಷ್ಟು ಬೇಗ ಸೊರಗುತ್ತದೆ. ಗಡಿಯಾರದ ಅಂಕಿಯೂ ಹಾಗೆಯೇ. ಪ್ಲಗ್‌ನಲ್ಲೇ ಇದ್ದ ಸೆಟ್ಟಿನ ಗಡಿಯಾರ ವರ್ಷಕ್ಕೆ 8,760 ಗಂಟೆ ಉರಿಯುತ್ತದೆ, ಇಪ್ಪತ್ತು ವರ್ಷಕ್ಕೆ 1,75,200 ಗಂಟೆ. ಇಂಥ ಟ್ಯೂಬಿನ ಹೊಳಪು ಹತ್ತಾರು ಸಾವಿರ ಗಂಟೆಯಲ್ಲೇ ಅರ್ಧಕ್ಕೆ ಇಳಿಯುವುದು ಸಹಜ. ಇನ್ನೂ ಕಾಣುತ್ತಿದೆ ಅನ್ನುವುದೇ ದೊಡ್ಡದು. ಸವೆದ ಪುಡಿಯನ್ನು ಗಾಜಿನ ಒಳಗೆ ಮತ್ತೆ ಹಚ್ಚಲು ನನ್ನಿಂದಾಗಲಿ ಇನ್ನೊಬ್ಬರಿಂದಾಗಲಿ ಆಗುವುದಿಲ್ಲ.

ಈ ತೀರ್ಮಾನಕ್ಕೆ ಬರುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಪ್ಲಾಸ್ಟಿಕ್ ಫಲಕದ ಹಿಂಬದಿ ಒರೆಸಿಸಿ. ದೇವರ ಕೋಣೆ ಪಕ್ಕದಲ್ಲಿದ್ದ ಒಂದು ಸೆಟ್ಟಿಗೆ ನಾನು ಅರ್ಧ ದಿನ ವೋಲ್ಟ್ ಅಳೆದಿದ್ದೆ. ಕೊನೆಗೆ ನೋಡಿದರೆ ಇದ್ದದ್ದು ಊದುಬತ್ತಿ ಹೊಗೆಯ ಜಿಡ್ಡು. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದೆ, ಡಿಸ್ಪ್ಲೇ ಫಳಫಳ. ರಿಪೇರಿ ಚಾರ್ಜ್ ಕೇಳಲು ನನಗೇ ನಾಚಿಕೆಯಾಯಿತು.

ಎರಡನೆಯದು, ಮಳೆಗಾಲದ ಭೂತದ ಎಂಟು. ಒಂದು ಗಂಟೆ ಹಾಕಿಟ್ಟರೆ ಸರಿಯಾಗುತ್ತದೆ ಎಂದಿರಿ, ಅಲ್ವಾ? ಅಲ್ಲಿಗೆ ಟ್ಯೂಬಿನ ತಪ್ಪಲ್ಲ. ಅದು ಉಪ್ಪು ಮತ್ತು ತೇವ. ಆರಿರಬೇಕಾದ ಗ್ರಿಡ್ ಮತ್ತು ಗೆರೆಗಳನ್ನು ಮೈನಸ್ ವೋಲ್ಟಿನಲ್ಲಿ ಹಿಡಿದಿಟ್ಟಿರುತ್ತಾರೆ, ದಣಪೆ ಹಾಕಿಟ್ಟ ಹಾಗೆ. ಪಿನ್ನುಗಳ ನಡುವೆ ಇರುವುದು ಒಂದೆರಡು ಮಿಲಿಮೀಟರ್ ಜಾಗ. ಅಲ್ಲಿ ಕೂತ ಧೂಳು ಸಮುದ್ರದ ಗಾಳಿಯ ಉಪ್ಪನ್ನು ಹಿಡಿದುಕೊಂಡಿರುತ್ತದೆ. ಉಪ್ಪು ಮಳೆಗಾಲದಲ್ಲಿ ನೀರು ಹೀರುತ್ತದೆ, ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಆಗುವ ಹಾಗೆಯೇ. ಒದ್ದೆ ಉಪ್ಪಿನ ಮೂಲಕ ಪಕ್ಕದ ಪಿನ್ನಿನ ಕರೆಂಟ್ ನಸುವಾಗಿ ಸೋರಿ ದಣಪೆ ಅರ್ಧ ಸರಿಯುತ್ತದೆ. ಬೇಡದ ಗೆರೆ ಮಂಕಾಗಿ ಹೊತ್ತುತ್ತದೆ. ಸೆಟ್ ಬಿಸಿಯಾಗಿ ತೇವ ಆರಿದ ಮೇಲೆ ಮಾಯ.

ಶಿರಸಿಯಲ್ಲಿ ಅಂಗಡಿ ಇಟ್ಟುಕೊಂಡ ನನಗೆ ಘಟ್ಟದ ಮೇಲಿನ ಸೆಟ್ ಯಾವುದು, ಕೆಳಗಿನದು ಯಾವುದು ಅಂತ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತದೆ. ಮೇಲಿನದರಲ್ಲಿ ಬೂಷ್ಟು, ಇರುವೆ ಗೂಡು, ಹಲ್ಲಿ ಮೊಟ್ಟೆ. ಕಾರವಾರ, ಅಂಕೋಲಾ, ಕುಮಟಾ ಕಡೆಯದ್ದರಲ್ಲಿ ಸ್ಕ್ರೂಗಳೇ ತಿರುಗುವುದಿಲ್ಲ, ತಾಮ್ರದ ಗೆರೆಯ ಮೇಲೆ ಹಸಿರು ಕಿಲುಬು, ಕನೆಕ್ಟರಿನ ಪಿನ್ ಕಪ್ಪು. ಕಡಲಿನ ಎದುರೇ ಮನೆ ಇದ್ದರೆ ಇನ್ನೂ ಜಾಸ್ತಿ. ಇದಕ್ಕೆ ಮದ್ದು ದೊಡ್ಡದಲ್ಲ. ಐಸೋಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆ ಬ್ರಷ್ ಹಿಡಿದು ಡಿಸ್ಪ್ಲೇ ಬೋರ್ಡಿನ ಎರಡೂ ಬದಿ ತೊಳೆದು, ಚೆನ್ನಾಗಿ ಒಣಗಿಸಿದರೆ ಸಾಕು. ಪೆಟ್ರೋಲ್, ಥಿನ್ನರ್ ಹಾಕಲು ಬಿಡಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ತೊಳೆದ ಮೇಲೂ ಭೂತ ಹೋಗದಿದ್ದರೆ, ಫಿಲಮೆಂಟನ್ನು ಸರಿಯಾದ ಮಟ್ಟದಲ್ಲಿ ಹಿಡಿದಿಡುವ ಝೀನರ್ ಡಯೋಡ್ ಕೆಟ್ಟಿರಬಹುದು. ಅದೂ ಪುಡಿಗಾಸಿನ ಸಾಮಾನು.

ಮೂರನೆಯದು, ತಟ್ಟಿದರೆ ಬರುವುದು. ಇದು ಹಳೇ ಸೆಟ್ಟುಗಳ ನೆಗಡಿ, ನಾವು ಡ್ರೈ ಸೋಲ್ಡರ್ ಅನ್ನುತ್ತೇವೆ. ಬೆಸುಗೆ ಹಾಕಿದ ಜಾಗ ಬಿಸಿ-ತಂಪು ಆಗಿ ಆಗಿ ಪಿನ್ನಿನ ಸುತ್ತ ಉಂಗುರದ ಹಾಗೆ ಬಿರುಕು ಬಿಡುತ್ತದೆ. ಭೂತಗನ್ನಡಿ ಹಿಡಿದರೆ ಕಾಣುತ್ತದೆ. ಡಿಸ್ಪ್ಲೇ ಪೂರ್ತಿ ಕತ್ತಲಾಗುತ್ತದೆ ಎಂದ ಮೇಲೆ ಬಿರುಕು ಫಿಲಮೆಂಟಿನ ಎರಡು ತುದಿಯ ಪಿನ್ನುಗಳಲ್ಲಿ, ಇಲ್ಲವೇ ಅಲ್ಲಿಗೆ ಬರುವ ವೈರಿನ ಕನೆಕ್ಟರಿನಲ್ಲಿ ಇರಬೇಕು. ಹೊಸ ಬೆಸುಗೆ ಹಾಕಿದರೆ ಮುಗಿಯಿತು.

ತಟ್ಟಿದಾಗ ಅಂಕಿ ನಡುಗುವುದಕ್ಕೆ ಹೆದರಬೇಡಿ. ಆ ಸಣ್ಣ ತಂತಿಗಳನ್ನು ತುದಿಯಲ್ಲಿ ಸ್ಪ್ರಿಂಗ್ ಇಟ್ಟು ಎಳೆದಿರುತ್ತಾರೆ, ಬಿಸಿಗೆ ಉದ್ದವಾದಾಗ ಜೋತು ಬೀಳದಿರಲಿ ಅಂತ. ತಂಬೂರಿ ತಂತಿ ಮೀಟಿದ ಹಾಗೆ ಅವು ಅದುರುತ್ತವೆ. ಬೆಳಕೂ ಅದುರುತ್ತದೆ. ಹೊಸ ಸೆಟ್ಟಿನಲ್ಲೂ ಹೀಗೇ. ತಂತಿ ತುಂಡಾಗಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಆದರೆ ತಟ್ಟುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಬಿರುಕು ದೊಡ್ಡದಾಗುತ್ತದೆ.

ಟ್ಯೂಬ್ ನಿಜವಾಗಿ ಸತ್ತಿದೆಯಾ ಅಂತ ನೀವೇ ನೋಡಬಹುದು. ಮುಚ್ಚಳ ತೆಗೆದಾಗ ಟ್ಯೂಬಿನ ಒಂದು ಮೂಲೆಯಲ್ಲಿ ಕನ್ನಡಿಯಂಥ ಬೆಳ್ಳಿ-ಕಪ್ಪು ಮಚ್ಚೆ ಕಾಣಬೇಕು. ಅದು ಬೇರಿಯಂ, ನಾವು ಗೆಟರ್ ಅನ್ನುತ್ತೇವೆ. ಒಳಗೆ ಉಳಿದ ಚೂರುಪಾರು ಗಾಳಿಯನ್ನು ಹೀರುವುದು ಅದರ ಕೆಲಸ. ಮಚ್ಚೆ ಬೆಳ್ಳಿಯಾಗಿ ಇದ್ದರೆ ಗಾಜು ಗಟ್ಟಿ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ, ಕಥೆ ಮುಗಿಯಿತು.

ಅದು ಬೆಳ್ಳಗಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಲಸ ಕಲಿತ ಹೊಸತರಲ್ಲಿ ಒಂದು ವಿಸಿಆರಿನ ಡಿಸ್ಪ್ಲೇ ಬಿಚ್ಚುತ್ತಿದ್ದೆ. ಟ್ಯೂಬಿನ ಬದಿಯಲ್ಲಿ ಗಾಜಿನ ಸಣ್ಣ ಮೂತಿ ಇರುತ್ತದೆ, ಗಾಳಿ ಎಳೆದು ಮುಚ್ಚಿದ ಜಾಗ. ಸ್ಕ್ರೂಡ್ರೈವರ್ ಜಾರಿ ಅದಕ್ಕೆ ತಾಗಿತು. 'ಸ್ಸ್' ಅಂತ ಬಹಳ ಸಣ್ಣ ಸದ್ದು, ಯಾರೋ ಹಲ್ಲಿನ ಸಂದಿಯಲ್ಲಿ ಉಸಿರು ಎಳೆದುಕೊಂಡ ಹಾಗೆ. ಮಚ್ಚೆಯ ಅಂಚು ಮೊದಲು ಕಂದಿತು, ಆಮೇಲೆ ಒಳಗೊಳಗೆ ಬೆಳ್ಳಗಾಗುತ್ತ ಹೋಯಿತು. ನಾನು ಬೆರಳು ಇಟ್ಟು ಒತ್ತಿ ಹಿಡಿದೆ, ಸೈಕಲ್ ಟ್ಯೂಬಿನ ತೂತು ಮುಚ್ಚುವ ಹಾಗೆ! ಅದೇ ಮಾದರಿಯ ಇನ್ನೊಂದು ಕೆಟ್ಟ ವಿಸಿಆರ್ ಹುಡುಕಿ ತಂದು ಹಾಕಿಕೊಡುವಷ್ಟರಲ್ಲಿ ನನ್ನ ಎರಡು ತಿಂಗಳ ಸಂಬಳ ಹೋಗಿತ್ತು. ಹಾಗಾಗಿ ಯಾರೇ ಬಿಚ್ಚಲಿ, ಆ ಮೂತಿ ಯಾವ ಬದಿಗಿದೆ ಅಂತ ಮೊದಲು ನೋಡಿಕೊಳ್ಳಲಿ.

ಮಚ್ಚೆ ಬೆಳ್ಳಿಯಾಗಿದ್ದು ಡಿಸ್ಪ್ಲೇ ಮಾತ್ರ ಕತ್ತಲು ಎಂದಾದರೆ ಎರಡು ವೋಲ್ಟ್ ಅಳೆಯಬೇಕು. ಒಂದು, ಫಿಲಮೆಂಟಿನ ಎರಡು ತುದಿಯ ನಡುವೆ, ಮೀಟರನ್ನು ಎಸಿಯಲ್ಲಿಟ್ಟು. ಎರಡು, ಗ್ರಿಡ್ ಮತ್ತು ಗೆರೆಗಳನ್ನು ಹೊತ್ತಿಸಿ ಆರಿಸುವ ಚಿಪ್‌ಗೆ, ಅಂದರೆ ಡ್ರೈವರ್ ಐಸಿಗೆ ಹೋಗುವ ಮೈನಸ್ ವೋಲ್ಟ್, ನಿಮ್ಮಂಥ ಸೆಟ್ಟಿನಲ್ಲಿ ಮೈನಸ್ 25ರಿಂದ 35ರ ಒಳಗೆ ಇರುತ್ತದೆ. ಈ ಎರಡನೆಯದೇ ನನ್ನ ಅನುಭವದಲ್ಲಿ ಹತ್ತಕ್ಕೆ ಏಳು ಸಲ ಕಳ್ಳ. ಅದರ ದಾರಿಯಲ್ಲಿ ಕರೆಂಟ್ ಕೂಡಿಡುವ ಕಂಡೆನ್ಸರ್ ಒಣಗಿರುತ್ತದೆ ಅಥವಾ ಫ್ಯೂಸಿನ ಹಾಗೆ ಕಾವಲಿಗಿರುವ ಫ್ಯೂಸಿಬಲ್ ರೆಸಿಸ್ಟರ್ ಸುಟ್ಟಿರುತ್ತದೆ. ಅಳೆಯದೆ ಟ್ಯೂಬ್ ಬದಲಿಸಿ ಎನ್ನುವವರು, ಗೋಟು ಒಡೆಯದೆಯೇ ಒಳಗಿನ ಅಡಿಕೆ ಕೊಳೆತಿದೆ ಎನ್ನುವವರು, ಇಬ್ಬರೂ ಒಂದೇ.

ಹಾಗಾದರೆ ಮಂಕಿಗೆ ಏನೂ ಮಾಡುವಂತಿಲ್ವಾ? ಮಾಡುವವರು ಇದ್ದಾರೆ. ಅದರ ಲಾಭ-ನಷ್ಟ ಹೇಳುತ್ತೇನೆ.

ಫಿಲಮೆಂಟಿಗೆ ಸ್ವಲ್ಪ ಹೊತ್ತು ಜಾಸ್ತಿ ವೋಲ್ಟ್ ಕೊಟ್ಟು 'ಎಬ್ಬಿಸುವ' ವಿಧಾನ ಒಂದಿದೆ. ಹಿಂದೆ ಪಿಕ್ಚರ್ ಟ್ಯೂಬಿಗೂ ಹೀಗೆ ಮಾಡುತ್ತಿದ್ದೆವು. ವರ್ಷಗಟ್ಟಲೆ ಬಳಸದೆ ಇಟ್ಟು ಎಲ್ಲವೂ ಸಮನಾಗಿ ಮಂಕಾದ ಟ್ಯೂಬಿಗೆ ಇದು ಕೆಲವೊಮ್ಮೆ ಹಿಡಿಯುತ್ತದೆ. ನಿಮ್ಮದರಲ್ಲಿ ಫಿಲಮೆಂಟ್ ಚೆನ್ನಾಗಿದೆ, 'ಎಫ್‌ಎಂ' ಹೊಳೆಯುತ್ತಿರುವುದೇ ಅದಕ್ಕೆ ಗುರುತು. ಸುಮ್ನೆ ತಂತಿಗೆ ಅಪಾಯ. ಬೇಡ.

ಆ ಮೈನಸ್ ವೋಲ್ಟ್ ಏರಿಸಿ ಎಲೆಕ್ಟ್ರಾನುಗಳ ಸೆಳೆತ ಜಾಸ್ತಿ ಮಾಡುವುದು ಇನ್ನೊಂದು. ತಕ್ಷಣ ಹೊಳಪು ಬರುತ್ತದೆ, ಗಿರಾಕಿಗೆ ಖುಷಿ. ಒಬ್ಬ ಅಡಿಕೆ ವ್ಯಾಪಾರಿಯ ತಕ್ಕಡಿಗೆ ಅವರ ಒತ್ತಾಯಕ್ಕೆ ನಾನೂ ಹೀಗೆ ಮಾಡಿಕೊಟ್ಟಿದ್ದೆ. ಸೀಸನ್ ಮುಗಿಯುವ ಮೊದಲೇ ಡ್ರೈವರ್ ಐಸಿ ಸುಟ್ಟು ವಾಪಸ್ ಬಂತು. ಆ ಐಸಿಗಳ ಮಿತಿ ಹೆಚ್ಚಿನದರಲ್ಲಿ 40 ವೋಲ್ಟಿನ ಒಳಗೇ. ಅದಾದ ಮೇಲೆ ನಾನು ಈ ಕೆಲಸ ಬಿಟ್ಟಿದ್ದೇನೆ.

ಬೇರೆ ಟ್ಯೂಬ್ ಹಾಕುವುದು ಒಳ್ಳೆಯ ದಾರಿ, ಆದರೆ ನಿಮ್ಮದೇ ಮಾದರಿಯ ಸೆಟ್ಟಿನದ್ದೇ ಆಗಬೇಕು. ಒಂದೊಂದು ಮಾದರಿಗೆ ಅಕ್ಷರ, ಪಿನ್ ಎಲ್ಲ ಬೇರೆ. ಮುಂಬೈ, ಬೆಂಗಳೂರಿನ ಗುಜರಿ ಮಾರುಕಟ್ಟೆಯಲ್ಲಿ ಸಿಕ್ಕರೂ ಅದರ 'ಟೇಪ್' ಕೂಡ ಸವೆದಿರುವ ಸಾಧ್ಯತೆಯೇ ಜಾಸ್ತಿ, ಎಲ್ಲರ ಮನೆಯಲ್ಲೂ ಕ್ಯಾಸೆಟ್ಟೇ ಓಡಿದ್ದು. ಹೊತ್ತಿಸಿ ನೋಡದೆ ತರಬೇಡಿ. ನಲವತ್ತು-ಐವತ್ತು ಪಿನ್ ಬಿಚ್ಚಿ ಹಾಕುವಾಗ ಹಳೇ ಬೋರ್ಡಿನ ತಾಮ್ರದ ಗೆರೆ ಕಿತ್ತು ಬರುವ ಅಪಾಯವೂ ಇದೆ.

ಎಲ್‌ಇಡಿ ಬೋರ್ಡ್ ಕೂರಿಸಿಕೊಡುತ್ತೇನೆ ಎನ್ನುವವರ ಮಾತು ಕೇಳಬೇಡಿ. ವೋಲ್ಟ್ ಬೇರೆ, ಓಡಿಸುವ ಕ್ರಮ ಬೇರೆ. ಮಧ್ಯೆ ಪ್ರೋಗ್ರಾಂ ಬರೆದ ಚಿಪ್ ಇಡದೆ ಅದು ಆಗುವುದಿಲ್ಲ. ಕಾಲೇಜಿನ ಹುಡುಗರು ಹವ್ಯಾಸಕ್ಕೆ ಮಾಡಬಹುದು, ದುಡ್ಡು ಕೊಟ್ಟು ಮಾಡಿಸುವಂಥದ್ದಲ್ಲ.

ನಾನಾದರೆ ಬೋರ್ಡ್ ತೊಳೆಸಿ, ಡಿಸ್ಪ್ಲೇಯ ಎಲ್ಲ ಪಿನ್ನಿಗೂ ಹೊಸ ಬೆಸುಗೆ ಹಾಕಿಸಿ, ಮೈನಸ್ ಸಪ್ಲೈಯ ಕಂಡೆನ್ಸರುಗಳನ್ನು ಬದಲಿಸಿ ಅಷ್ಟಕ್ಕೇ ನಿಲ್ಲಿಸುತ್ತೇನೆ. 'ಟೇಪ್' ಮಂಕಾಗಿಯೇ ಇರಲಿ. ಟೇಪ್ ಓಡುತ್ತಿದೆ ಅಂತ ಕಿವಿಗೆ ಗೊತ್ತಾಗುತ್ತದೆ. ಮುಚ್ಚಳವನ್ನು ನೀವೇ ತೆಗೆದು ನೋಡುವುದಾದರೆ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಡಿಸ್ಪ್ಲೇಯ 30 ವೋಲ್ಟ್ ಏನೂ ಮಾಡದು, ಆದರೆ ಅದೇ ಡಬ್ಬಿಯಲ್ಲಿ 230 ವೋಲ್ಟ್ ಬರುವ ಫ್ಯೂಸ್ ಇದೆ. ಮೈಕ್ರೋವೇವ್ ಓವನ್ನಿನ ಡಿಸ್ಪ್ಲೇ ಹೋದರೆ ಮಾತ್ರ ದಯವಿಟ್ಟು ನೀವು ತೆರೆಯಬೇಡಿ. ಅದರೊಳಗಿನ ಕಂಡೆನ್ಸರಿನಲ್ಲಿ ಎರಡು ಸಾವಿರ ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಪ್ಲಗ್ ವಿಷಯ. ಬೇರೆ ಊರಿನವರಾಗಿದ್ದರೆ 'ತೆಗೆದಿಡಿ' ಅಂತ ಒಂದೇ ಮಾತು ಹೇಳುತ್ತಿದ್ದೆ. ಕರಾವಳಿಯಲ್ಲಿ ಪೂರ್ತಿ ತೆಗೆದಿಟ್ಟರೆ ತೇವ ಕೂರುತ್ತದೆ, ಯಾವಾಗಲೂ ಹಾಕಿಟ್ಟರೆ ಅಂಕಿ ಸವೆಯುತ್ತದೆ. ಮಳೆಗಾಲದಲ್ಲಿ ವಾರಕ್ಕೆ ಎರಡು-ಮೂರು ಸಲ ಅರ್ಧ-ಮುಕ್ಕಾಲು ಗಂಟೆ ಓಡಿಸಿ, ಉಳಿದ ಹೊತ್ತು ಪ್ಲಗ್ ತೆಗೆದಿಡಿ. ಹಾಕಿ-ಆರಿಸಿ ಮಾಡಿದರೆ ಫಿಲಮೆಂಟಿಗೆ ಹೇಳುವಂಥ ತೊಂದರೆ ಇಲ್ಲ. ರಿಮೋಟಿನಲ್ಲಿ ಡಿಮ್ಮರ್ ಅಥವಾ ಡಿಸ್ಪ್ಲೇ ಅನ್ನುವ ಬಟನ್ ಇದ್ದರೆ ಬಳಸಿ. ಮುಂಗಾರಿನ ಮುಂಚಿನ ಗುಡುಗು-ಮಿಂಚಿನ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಆಂಟೆನಾ ವೈರನ್ನೂ ಕಿತ್ತಿಡಿ. ಪ್ರತಿ ವರ್ಷ ಮೇ ತಿಂಗಳಲ್ಲಿ ನನ್ನ ಮೇಜು ತುಂಬುವುದು ಅದನ್ನು ಮರೆತವರ ಸೆಟ್ಟುಗಳಿಂದ.

ಒಂದು ಕೇಳದ ಮಾತು. ಅಪ್ಪಯ್ಯನ ತಾಳಮದ್ದಲೆ ಕ್ಯಾಸೆಟ್ಟುಗಳನ್ನು ಬೆಳಕಿಗೆ ಹಿಡಿದು ಆ ಸಣ್ಣ ಕಿಟಕಿಯಲ್ಲಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಹಾಗೇ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಒಳ್ಳೆಯ ಕ್ಯಾಸೆಟ್ಟುಗಳಿಗೂ ಹತ್ತುತ್ತದೆ, ಅಂಟಿಕೊಂಡ ರೀಲ್ ತುಂಡಾಗುತ್ತದೆ. ಸೆಟ್ ರಿಪೇರಿಗೆ ಕೊಡುವಾಗ ಒಳಗಿನ ರಬ್ಬರ್ ಬೆಲ್ಟನ್ನೂ ಬದಲಿಸಲು ಹೇಳಿ, ಇಷ್ಟು ವರ್ಷಕ್ಕೆ ಅದು ಡಾಂಬರಿನ ಹಾಗೆ ಆಗುವುದುಂಟು. ವಾಪಸ್ ಬಂದ ಕೂಡಲೇ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರ್ ಎಳೆದು ಒಳ್ಳೆಯ ಕ್ಯಾಸೆಟ್ಟುಗಳನ್ನು ಮೊದಲು ರೆಕಾರ್ಡ್ ಮಾಡಿಕೊಳ್ಳಿ, ಬೂಷ್ಟು ಹಿಡಿದವನ್ನು ಬೇರೆ ಡಬ್ಬಿಯಲ್ಲಿ ತೆಗೆದಿಡಿ. ಬೇಸಿಗೆಯಲ್ಲಿ ಶಿರಸಿ ಕಡೆ ಬಂದರೆ ಆ ಡಬ್ಬಿ ತನ್ನಿ, ಅದನ್ನು ಒಣಗಿಸಿ ಒರೆಸುವ ಕ್ರಮ ತೋರಿಸಿಕೊಡುತ್ತೇನೆ.